ತಲೆಬರಹವೂ ಹಣೆಬರಹವೂ

ವಿಮರ್ಶೆಯೆಂಬುದು ಗ್ರಂಥಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ನಮ್ಮಲ್ಲಿ ಒಂದು ರೂಢಿ ಬೆಳೆದುಬಂದಿದೆ. ಕಾವ್ಯವಾದರೆ ರಸವೇನು, ಧ್ವನಿಯೇನು ಎಂದು ವಿಚಾರಿಸುತ್ತೇವೆ. ಕಾದಂಬರಿಯಾದರೆ ಪಾತ್ರಗಳನ್ನು ಒರೆಗೆ ಹಚ್ಚುತ್ತೇವೆ. ನಾಟಕವಾದರೆ ಸಂಧಿಗಳನ್ನು ಎಣಿಸುತ್ತೇವೆ. ಆದರೆ ವಿದ್ಯಾವಂತರ ಮನೆಗಳಲ್ಲಿ ದಿನವೂ ತಪ್ಪದೆ ಓದಲ್ಪಟ್ಟು ಬಂದ ಬರಹವು ಇವುಗಳಲ್ಲಿ ಯಾವುದೂ ಅಲ್ಲ, ಅದು ವೃತ್ತಪತ್ರಿಕೆ. ಅದರಲ್ಲಿಯೂ ಮುಖ್ಯವಾಗಿ ಅದರ ತಲೆಬರಹ. ಸುದ್ದಿಯನ್ನು ಕೊನೆಯವರೆಗೆ ಓದದವರು ಬೇಕಾದಷ್ಟು ಮಂದಿ ಇದ್ದಾರೆ. ತಲೆಬರಹವನ್ನು ಓದದೆ ಪತ್ರಿಕೆಯನ್ನು ಮಡಿಸಿಟ್ಟವರನ್ನು ನಾನು ಕಂಡಿಲ್ಲ. ಇಷ್ಟು ಜನ ಓದುವ ಸಾಹಿತ್ಯಪ್ರಕಾರಕ್ಕೆ ವಿಮರ್ಶಕನೊಬ್ಬನೂ ದೊರೆಯದಿರುವುದು ಅನ್ಯಾಯವೇ ಸರಿ.

ಇದಕ್ಕೆ ಕಾರಣವಿಲ್ಲದಿಲ್ಲ. ವಿಮರ್ಶೆ ಹುಟ್ಟುವುದು ಎರಡನೆಯ ಓದಿನಲ್ಲಿ. ಮೊದಲ ಓದಿನಲ್ಲಿ ಕವಿ ನಮ್ಮನ್ನು ಎಳೆದುಕೊಂಡು ಹೋಗುತ್ತಾನೆ. ಎರಡನೆಯದರಲ್ಲಿ ನಾವು ಅವನನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತೇವೆ. ವೃತ್ತಪತ್ರಿಕೆಗೆ ಎರಡನೆಯ ಓದು ಎಂಬುದೇ ಇಲ್ಲ. ಬೆಳಿಗ್ಗೆ ಭಕ್ತಿಯಿಂದ ಪಾರಾಯಣ ಮಾಡಿದ ಹಾಳೆ ವಾರ ಕಳೆಯುವುದರೊಳಗೆ ಕಡಲೆಕಾಯಿಯ ಪೊಟ್ಟಣವಾಗಿ ನಮ್ಮ ಕೈಗೇ ಹಿಂದಿರುಗುತ್ತಿದ್ದಿತು. ಆಗ ನಮ್ಮ ಗಮನ ಕಡಲೆಕಾಯಿಯ ಕಡೆಗೆ. ಆದಕಾರಣ ಪತ್ರಿಕೆಯ ಬರಹಗಾರನು ವಿಮರ್ಶಕನ ಕಣ್ಣಿಗೆ ಬೀಳದೆ ಸುಖವಾಗಿದ್ದಾನೆ.

ಈಚೆಗೆ ನನಗೆ ಅಂತಹ ಎರಡನೆಯ ಓದಿನ ಅವಕಾಶವೊಂದು ಒದಗಿತು. ಕೊಡಿಗೇಹಳ್ಳಿಯ ನಮ್ಮ ಮನೆಗೆ ಸುಣ್ಣ ಬಳಿಸುವ ಸಲುವಾಗಿ ಅಟ್ಟದ ಮೇಲಿನ ಸಾಮಾನನ್ನೆಲ್ಲ ಕೆಳಗಿಳಿಸಿದಾಗ, ದೊಡ್ಡಪ್ಪನವರ ಕಾಲದ ಕಬ್ಬಿಣದ ಪೆಟ್ಟಿಗೆಯೊಂದು ಸಿಕ್ಕಿತು. ಅದರೊಳಗೆ ಕಂದಾಯದ ರಸೀತಿಗಳು, ಎರಡು ಜಾತಕಗಳು, ಒಂದು ಬ್ಯಾಂಕಿನ ಪಾಸ್‌ಪುಸ್ತಕ, ಒಣಗಿ ಪುಡಿಯಾಗಿದ್ದ ಬೇವಿನ ಎಲೆ. ಎಲ್ಲಕ್ಕೂ ಕೆಳಗೆ, ಮಡಿಸಿಟ್ಟಿದ್ದ ಕನ್ನಡ ದಿನಪತ್ರಿಕೆಯೊಂದರ ಮೊದಲ ಹಾಳೆ. ತಾರೀಖು ೧೯೬೯ನೆಯ ಇಸವಿ ಜುಲೈ ೨೧, ಸೋಮವಾರ. ಪತ್ರಿಕೆಯ ಹೆಸರಿದ್ದ ಭಾಗವನ್ನು ಹುಳುಗಳು ತಿಂದು ಮುಗಿಸಿದ್ದವು. ಇದು ವಿಮರ್ಶಕನ ಭಾಗ್ಯವೆಂದೇ ತಿಳಿಯಬೇಕು. ಯಾರ ಕೃತಿಯೆಂದು ತಿಳಿಯದಿದ್ದರೆ ದಾಕ್ಷಿಣ್ಯವೂ ಇಲ್ಲ, ಭಯವೂ ಇಲ್ಲ.

ಹಾಳೆಯನ್ನು ಕೈಗೆತ್ತಿಕೊಳ್ಳುತ್ತಿರುವಾಗ ನಡುಮನೆಯಲ್ಲಿ ಕುಳಿತಿದ್ದ ದೊಡ್ಡಮ್ಮನವರು, "ಅದನ್ನು ಎಸೆಯಬೇಡ ಮಗು, ನಿಮ್ಮ ದೊಡ್ಡಪ್ಪ ಇಟ್ಟದ್ದು ಅದು" ಎಂದರು. ಅವರಿಗೆ ಈಗ ತೊಂಬತ್ತರ ಹತ್ತಿರ. ಹಾಳೆಯ ನೆತ್ತಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಚಂದ್ರಲೋಕದ ಸುದ್ದಿ ಹಬ್ಬಿದ್ದಿತು. ಮನುಷ್ಯನು ಚಂದ್ರನನ್ನು ಮುಟ್ಟಿದ ದಿನದ ಪತ್ರಿಕೆಯಾದುದರಿಂದ ದೊಡ್ಡಪ್ಪನವರು ಜೋಪಾನ ಮಾಡಿದರೆಂದು ನಾನು ಊಹಿಸಿ, "ಇಡುತ್ತೇನೆ, ದೊಡ್ಡಮ್ಮ" ಎಂದೆ. ಈ ಊಹೆ ಎಷ್ಟು ಸರಿಯೆಂಬುದನ್ನು ಮುಂದೆ ಹೇಳುವೆನು.

ಆಗಿನ ಕೊಡಿಗೇಹಳ್ಳಿಯನ್ನು ಈಗಿನ ವಾಚಕರು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಇಂದು ಇದು ಬೆಂಗಳೂರಿನ ಒಂದು ಬಡಾವಣೆ. ಪಕ್ಕದ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ವಾಹನಗಳು ಹಗಲಿರುಳೆನ್ನದೆ ಹರಿಯುತ್ತವೆ. ಅಂದು ಇದು ಬೆಂಗಳೂರು ಉತ್ತರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮನೆಗೆ ಪತ್ರಿಕೆ ಹೆಬ್ಬಾಳದಿಂದ ಹಾಲಿನವನ ಸೈಕಲ್ಲಿನಲ್ಲಿ, ಹಾಲನ್ನೆಲ್ಲ ಹಂಚಿ ಮುಗಿದ ಮೇಲೆ, ಸುಮಾರು ಹತ್ತು ಹತ್ತೂವರೆ ಗಂಟೆಗೆ ಬರುತ್ತಿದ್ದಿತಂತೆ. ಈ ಸಂಗತಿ ನಮ್ಮ ವಿಮರ್ಶೆಗೆ ಬಹಳ ಮುಖ್ಯವಾದದ್ದು.

ಮೊದಲು ಪ್ರಕಾರದ ಲಕ್ಷಣವನ್ನು ನೋಡೋಣ. ತಲೆಬರಹವು ಗದ್ಯವೋ ಪದ್ಯವೋ ಹೇಳುವುದು ಕಷ್ಟ. ಛಂದಸ್ಸಿಲ್ಲ, ಆದರೆ ಅಂಕಣದ ಅಗಲಕ್ಕೆ ಅಕ್ಷರಗಳನ್ನು ಎಣಿಸಿ ಕೂರಿಸಬೇಕಾದುದರಿಂದ ಮಾತ್ರಾಗಣದ ಕಟ್ಟಿಗಿಂತ ಕಠಿಣವಾದ ಕಟ್ಟು ಅದಕ್ಕುಂಟು. ಕರ್ತೃವಿನ ಹೆಸರಿಲ್ಲ, ಆ ಮಟ್ಟಿಗೆ ವೇದದಂತೆ ಅಪೌರುಷೇಯ. ಸಂದೇಹವನ್ನು ಸಹಿಸುವುದಿಲ್ಲ, ಆ ಮಟ್ಟಿಗೆ ಶಾಸನದಂತೆ. ಮರುದಿನಕ್ಕೆ ನಿಲ್ಲುವುದಿಲ್ಲ, ಆ ಮಟ್ಟಿಗೆ ಉಪ್ಪಿಟ್ಟಿನಂತೆ. ಡಿ. ವಿ. ಗುಂಡಪ್ಪನವರಂತಹ ಹಿರಿಯರು ಪತ್ರಿಕೆಯನ್ನು ನಡೆಸಿ ಅನುಭವವುಳ್ಳವರಾಗಿ "ವೃತ್ತಪತ್ರಿಕೆ" ಎಂಬ ಗ್ರಂಥವನ್ನೇ ಬರೆದರು. ಪತ್ರಿಕಾಧರ್ಮವನ್ನು ಗಂಭೀರವಾಗಿ ಆಲೋಚಿಸುವ ಸಂಪ್ರದಾಯ ನಮ್ಮಲ್ಲಿ ಇಲ್ಲವೆನ್ನಲಾಗದು. ನನ್ನ ಪ್ರಯತ್ನ ಅಷ್ಟು ದೊಡ್ಡದಲ್ಲ. ಒಂದು ದಿನದ ನಾಲ್ಕು ತಲೆಬರಹಗಳನ್ನು ಐವತ್ತು ವರ್ಷಗಳಿಗೂ ಮಿಕ್ಕ ಕಾಲದ ಆಚೆಯಿಂದ ಓದಿ, ಯಾವುದು ನಿಂತಿತು, ಯಾವುದು ಬಿದ್ದಿತು ಎಂದು ನೋಡುವುದಷ್ಟೆ.

ಮೊದಲನೆಯದು ಚಂದ್ರ. ಬಲು ದಪ್ಪನೆಯ ಮೊಳೆಗಳಲ್ಲಿ ಅಚ್ಚಾಗಿರುವ ಈ ತಲೆಬರಹದ ತಾತ್ಪರ್ಯ, ಇಬ್ಬರು ಮನುಷ್ಯರು ಚಂದ್ರನ ಮೇಲೆ ಇಳಿಯಲಿದ್ದಾರೆ ಎಂಬುದು. "ಇಳಿಯಲಿದ್ದಾರೆ" ಎಂಬಲ್ಲಿ ಎಲ್ಲ ತೊಡಕೂ ಇದೆ. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇದ್ದ ನೌಕೆ ಚಂದ್ರನ ನೆಲವನ್ನು ಮುಟ್ಟಿದ್ದು ನಮ್ಮ ಗಡಿಯಾರದಂತೆ ಸೋಮವಾರ ಬೆಳಗಿನ ಜಾವ ೧ ಗಂಟೆ ೪೭ ನಿಮಿಷಕ್ಕೆ. ಹೊರಗಿನ ಊರುಗಳಿಗೆಂದು ಮುಂಚಿತವಾಗಿ ಅಚ್ಚಾಗುವ ಪ್ರತಿ ಆ ವೇಳೆಗೆ ಕಟ್ಟು ಕಟ್ಟಿಸಿಕೊಂಡು ಹೊರಟಿರಬೇಕು. ಆರ್ಮ್‌ಸ್ಟ್ರಾಂಗನು ಏಣಿಯಿಂದಿಳಿದು ಕಾಲೂರಿದ್ದು ಬೆಳಿಗ್ಗೆ ೮ ಗಂಟೆ ೨೬ ನಿಮಿಷಕ್ಕೆ. ಆಗ ನಮ್ಮ ಪತ್ರಿಕೆ ಹೆಬ್ಬಾಳದಲ್ಲಿ ಹಾಲಿನವನ ದಾರಿ ಕಾಯುತ್ತಿದ್ದಿತು. ಅದು ಕೊಡಿಗೇಹಳ್ಳಿಗೆ ಬಂದು "ಇಳಿಯಲಿದ್ದಾರೆ" ಎಂದು ಸಾರುವ ಹೊತ್ತಿಗೆ, ಅವರು ಇಳಿದು, ಕಲ್ಲು ಮಣ್ಣು ಹೆಕ್ಕಿಕೊಂಡು, ಆಗಲೇ ನೌಕೆಯೊಳಕ್ಕೆ ಹತ್ತುತ್ತಿದ್ದರು. ದೊಡ್ಡಪ್ಪನವರು ಬೆಳಿಗ್ಗೆಯೇ ಪಕ್ಕದ ಮನೆಯ ರೇಡಿಯೋದಲ್ಲಿ ಇಳಿದ ಸುದ್ದಿಯನ್ನು ಕೇಳಿ ಬಂದು, ಆ ಬಳಿಕ ಇನ್ನೂ ಇಳಿಯದ ಸುದ್ದಿಯನ್ನು ಪತ್ರಿಕೆಯಲ್ಲಿ ಕಣ್ಣಿಗೆ ಕನ್ನಡಕವೇರಿಸಿಕೊಂಡು ಶ್ರದ್ಧೆಯಿಂದ ಓದಿದರಂತೆ. ಅಚ್ಚಿನ ಮೇಲೆ ನಮ್ಮ ಹಿರಿಯರಿಗಿದ್ದ ಗೌರವ ಅಂಥದು.

ಕನ್ನಡದಲ್ಲಿ "ವರ್ತಮಾನ" ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ: ಒಂದು ಸುದ್ದಿ, ಇನ್ನೊಂದು ಈಗ ನಡೆಯುತ್ತಿರುವ ಕಾಲ. ಈ ಹಾಳೆಯನ್ನು ನೋಡಿದರೆ ವರ್ತಮಾನಪತ್ರಿಕೆಯಲ್ಲಿ ದೊರೆಯದ ಕಾಲ ಯಾವುದಾದರೂ ಇದ್ದರೆ ಅದು ವರ್ತಮಾನಕಾಲವೇ ಎನ್ನಿಸುತ್ತದೆ. ಬರೆಯುವವನಿಗೆ ಭವಿಷ್ಯತ್ತು, ಓದುವವನಿಗೆ ಭೂತ. ೧೮೪೩ನೆಯ ಜುಲೈ ೧ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ "ಮಂಗಳೂರ ಸಮಾಚಾರ"ವನ್ನು ಆರಂಭಿಸಿದಾಗ ಈ ತೊಂದರೆ ಇರಲಿಲ್ಲ. ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ. ದೂರದೇಶದ ಸುದ್ದಿ ಹಡಗಿನಲ್ಲಿ ಬರಬೇಕು. ಬಂದುದೆಲ್ಲವೂ ಆಗಿಹೋದುದೇ. ಅವಸರವಿಲ್ಲದಿದ್ದುದರಿಂದ ಕ್ರಿಯಾಪದಗಳೂ ನೆಮ್ಮದಿಯಿಂದಿದ್ದವು. ಅವಸರ ಹೆಚ್ಚಿದಷ್ಟೂ ವ್ಯಾಕರಣ ಕೆಡುತ್ತದೆ ಎಂಬುದು ಪತ್ರಿಕೆಗಳ ಇತಿಹಾಸದಿಂದ ದೊರೆಯುವ ಒಂದು ಪಾಠ.

ಚಂದ್ರನ ವಿಷಯವಾಗಿ ಇನ್ನೊಂದು ಮಾತು. ಆ ದಿನ ಆಕಾಶದಲ್ಲಿದ್ದುದು ಆಷಾಢದ ಶುಕ್ಲಪಕ್ಷದ ಅರ್ಧಚಂದ್ರ. ಚಂದ್ರನನ್ನು ನಂಬಿ ಸಾವಿರಾರು ವರ್ಷ ಜೀವನ ಮಾಡಿದವರು ಕವಿಗಳು. ಮುಖಕ್ಕೆ ಚಂದ್ರ, ವಿರಹಕ್ಕೆ ಚಂದ್ರ, ಕೀರ್ತಿಗೂ ಚಂದ್ರ. ಅಲ್ಲಿರುವುದು ಗುಂಡಿ, ಧೂಳು ಮತ್ತು ಕಲ್ಲು ಎಂದು ಕಣ್ಣಾರೆ ಕಂಡವರು ಹೇಳಿದ ಮೇಲೆ ಚಂದ್ರಮುಖಿಯೆಂದು ಕರೆಯುವುದು ಹೊಗಳಿಕೆಯೋ ಮಾನಹಾನಿಯೋ ಎಂಬ ಪ್ರಶ್ನೆ ಏಳಬೇಕಾಗಿತ್ತು. ಹಾಗೇನೂ ಆಗಲಿಲ್ಲ. ಕವಿಸಮಯ ವಿಜ್ಞಾನಕ್ಕಿಂತ ಗಟ್ಟಿಯಾದುದು. ದೊಡ್ಡಮ್ಮನವರು ಆ ಸಂಜೆಯೂ ಎಂದಿನಂತೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಮೋಡದ ಸಂದಿಯಲ್ಲಿ ಚಂದಮಾಮನನ್ನು ತೋರಿಸುತ್ತ ಅನ್ನ ತಿನ್ನಿಸುತ್ತಿದ್ದರಂತೆ. ದೊಡ್ಡಪ್ಪನವರು, "ಅಲ್ಲಿ ಈಗ ಇಬ್ಬರು ಇದ್ದಾರೆ, ಗೊತ್ತೇನು?" ಎಂದರು. ಅದು ನಿಜವೂ ಹೌದು. ಅವರು ಚಂದ್ರನನ್ನು ಬಿಟ್ಟು ಹೊರಟದ್ದು ನಮ್ಮಲ್ಲಿ ರಾತ್ರಿ ಹನ್ನೊಂದು ಗಂಟೆ ದಾಟಿದ ಮೇಲೆ. ದೊಡ್ಡಮ್ಮನವರು ತಲೆಯೆತ್ತಿ ನೋಡಿ, "ಇದ್ದರೆ ಇರಲಿ, ಪಾಪ, ಅವರದು ಊಟವಾಯಿತೋ ಇಲ್ಲವೋ" ಎಂದರಂತೆ. ಆ ದಿನ ಪ್ರಪಂಚದ ಪತ್ರಿಕೆಗಳಲ್ಲಿ ಚಂದ್ರಯಾನವನ್ನು ಕುರಿತು ಎಷ್ಟೆಷ್ಟೋ ದೊಡ್ಡ ಮಾತುಗಳು ಅಚ್ಚಾದುವು. ಇಷ್ಟು ಮನುಷ್ಯತ್ವವುಳ್ಳ ಮಾತು ಅವುಗಳಲ್ಲಿ ಎಷ್ಟಿದ್ದವೋ ಎಂದು ನನಗೆ ಸಂದೇಹ.

ಎರಡನೆಯ ತಲೆಬರಹ ಒಂದೇ ಅಂಕಣದ್ದು. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯುಳ್ಳದ್ದು. ಜುಲೈ ೧೩ರಂದು ರಷ್ಯಾದವರು ಹಾರಿಸಿದ್ದ ಲೂನಾ-೧೫ ಎಂಬ ನಿರ್ಮಾನವ ನೌಕೆಯೂ ಆಗ ಚಂದ್ರನನ್ನು ಸುತ್ತುತ್ತಿದ್ದಿತು. ಅದರ ಉದ್ದೇಶವೇನು, ಅಮೆರಿಕದವರಿಗಿಂತ ಮೊದಲೇ ಅದು ಚಂದ್ರನ ಮಣ್ಣನ್ನು ತಂದುಬಿಡುವುದೋ ಎಂಬ ಕುತೂಹಲ. ನಮ್ಮ ಹಾಳೆ ಈ ಸಂಗತಿಯನ್ನು ಪ್ರಶ್ನೆಯಾಗಿ ಮಾಡಿ ವಾಚಕರ ಮುಂದಿಟ್ಟಿದೆ. ಕೊಡಿಗೇಹಳ್ಳಿಯ ವಾಚಕರು ಇದಕ್ಕೆ ಏನು ಉತ್ತರ ಹೇಳಬಹುದೆಂದು ಸಂಪಾದಕರು ನಿರೀಕ್ಷಿಸಿದ್ದರೋ ತಿಳಿಯದು. ಪ್ರಶ್ನಾರ್ಥಕ ತಲೆಬರಹದ ಸ್ವಾರಸ್ಯ ಇದು: ತನಗೆ ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳುವ ಬದಲು, ಓದುವವನಿಗೇ ತಿಳಿಯದೆಂಬ ಭಾವನೆಯನ್ನು ಹುಟ್ಟಿಸುವುದು. ಪಾಪ, ಆ ನೌಕೆ ಅದೇ ರಾತ್ರಿ ೯ ಗಂಟೆ ೨೦ ನಿಮಿಷದ ಸುಮಾರಿಗೆ ಚಂದ್ರನಿಗೆ ಅಪ್ಪಳಿಸಿ ಒಡೆದುಹೋಯಿತು. ಬೆಳಿಗ್ಗೆ ಹುಟ್ಟಿದ ತಲೆಬರಹಕ್ಕೆ ರಾತ್ರಿ ಊಟದ ವೇಳೆಗೆ ತಿಥಿ. ಇಷ್ಟು ಅಲ್ಪಾಯುಷ್ಯದ ಕೃತಿ ಬೇರೆ ಯಾವ ಸಾಹಿತ್ಯಪ್ರಕಾರದಲ್ಲಿಯೂ ದೊರೆಯಲಾರದು.

ಮೂರನೆಯದಕ್ಕೆ ಬರೋಣ. ಇದು ಎರಡು ಅಂಕಣದ, ಮಧ್ಯಮ ಗಾತ್ರದ, ಕಚೇರಿಯ ಭಾಷೆಯ ತಲೆಬರಹ. ಹಂಗಾಮಿ ರಾಷ್ಟ್ರಪತಿಗಳಾಗಿದ್ದ ವಿ. ವಿ. ಗಿರಿಯವರು ಭಾನುವಾರ ರಾಜೀನಾಮೆ ಕೊಟ್ಟರು; ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಹಿದಾಯತುಲ್ಲಾ ಅವರು ಆ ಸ್ಥಾನದ ಕಾರ್ಯವನ್ನು ವಹಿಸಿಕೊಂಡರು ಎಂಬಷ್ಟೇ ಇದರ ವಿಷಯ. ಹಾಳೆಯ ಧೋರಣೆ ನೋಡಿದರೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರ ವರ್ಗವಾದಷ್ಟು ಸಲೀಸು. ಗಿರಿಯವರು ೧೯೬೫ರಿಂದ ೧೯೬೭ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು, ನಮಗೆ ಪರಿಚಿತರು. ಅವರೇಕೆ ರಾಜೀನಾಮೆ ಕೊಟ್ಟರೆಂಬುದಕ್ಕೆ ಕಾರಣ ಬೆಂಗಳೂರಿನಲ್ಲಿಯೇ ಇದ್ದಿತು. ಅದೇ ತಿಂಗಳಲ್ಲಿ, ಕೆಲವೇ ದಿನಗಳ ಹಿಂದೆ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನೆರೆದಿದ್ದಿತು. ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ಬ್ಯಾಂಕುಗಳ ರಾಷ್ಟ್ರೀಕರಣದ ವಿಚಾರವಿದ್ದ ಇಂದಿರಾ ಗಾಂಧಿಯವರ ಟಿಪ್ಪಣಿ ಬಂದದ್ದು ಅಲ್ಲಿಗೆ. ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿಯ ಸ್ಥಾನಕ್ಕೆ ಅಭ್ಯರ್ಥಿಯೆಂದು ಪಕ್ಷದವರು ಆರಿಸಿದ್ದೂ ಬೆಂಗಳೂರಿನ ಆ ದಿನಗಳಲ್ಲಿಯೇ. ಪಕ್ಷದ ಆಯ್ಕೆಗೆ ಎದುರಾಗಿ ತಾವೇ ನಿಲ್ಲಬೇಕೆಂದು ಗಿರಿಯವರು ರಾಜೀನಾಮೆ ಕೊಟ್ಟರು.

ಮುಂದಿನದು ಇತಿಹಾಸ. ಆಗಸ್ಟ್ ೧೬ರಂದು ಮತದಾನ, ೨೦ರಂದು ಎಣಿಕೆ, ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ ಗಿರಿಯವರಿಗೆ ಗೆಲುವು. ನವೆಂಬರಿನಲ್ಲಿ ನಿಜಲಿಂಗಪ್ಪನವರ ಕಾಂಗ್ರೆಸ್ಸು ಪ್ರಧಾನಮಂತ್ರಿಯನ್ನೇ ಪಕ್ಷದಿಂದ ಹೊರಹಾಕಿತು. ಪಕ್ಷ ಎರಡು ಹೋಳಾಯಿತು. ಸೋತ ಸಂಜೀವ ರೆಡ್ಡಿಯವರು ಎಂಟು ವರ್ಷಗಳ ಬಳಿಕ, ೧೯೭೭ರ ಜುಲೈ ತಿಂಗಳಲ್ಲಿಯೇ, ಅದೇ ಪದವಿಗೆ ಎದುರಾಳಿಯೇ ಇಲ್ಲದೆ ಆಯ್ಕೆಯಾದರು. ಆಗಿನ ಭಾರತದಲ್ಲಿ ಕಾಂಗ್ರೆಸ್ಸು ಒಡೆಯುವುದೆಂದರೆ ಚಂದ್ರ ಒಡೆದಷ್ಟೇ ದೊಡ್ಡ ಸಂಗತಿ. ನಮ್ಮ ಹಾಳೆಯಲ್ಲಿ ಅದರ ಮೊದಲ ಬಿರುಕು ಕಾಣಿಸಿಕೊಂಡಿದೆ. ತಲೆಬರಹ ಬರೆದವನಿಗೆ ಕಾಣಲಿಲ್ಲ. ಇದನ್ನು ಅವನ ದೋಷವೆನ್ನಬೇಕೆ? ಬಿರುಕು ಬೀಳುವಾಗ ಕೂದಲೆಳೆಯಷ್ಟೇ ಇರುತ್ತದೆ. ಕೂದಲೆಳೆಗೆ ಎರಡು ಅಂಕಣ ಕೊಟ್ಟದ್ದು ಉದಾರತೆಯೇ. ಇಂದು ಗಾಜಿನ ಮನೆಯಲ್ಲಿ ಫಲಪುಷ್ಪಪ್ರದರ್ಶನಕ್ಕೆಂದು ನೆರೆಯುವ ಜನರಲ್ಲಿ ಎಷ್ಟು ಮಂದಿಗೆ, ರಾಷ್ಟ್ರದ ಒಂದು ದೊಡ್ಡ ರಾಜಕೀಯ ಪಕ್ಷದ ಗಾಜು ಇಲ್ಲಿ ಸೀಳಲಾರಂಭಿಸಿತೆಂಬ ನೆನಪಿದ್ದೀತು?

ನಾಲ್ಕನೆಯ ತಲೆಬರಹ ಚಂದ್ರನ ಕೆಳಗೆ, ಎಡಗಡೆಗೆ ಇದೆ: ಬ್ಯಾಂಕುಗಳನ್ನು ಕುರಿತದ್ದು. ಶನಿವಾರ, ಜುಲೈ ೧೯ರಂದು, ೫೦ ಕೋಟಿ ರೂಪಾಯಿಗೆ ಕಡಮೆಯಿಲ್ಲದ ಠೇವಣಿಯುಳ್ಳ ೧೪ ಬ್ಯಾಂಕುಗಳನ್ನು ಸರ್ಕಾರ ಸುಗ್ರೀವಾಜ್ಞೆಯಿಂದ ತನ್ನ ವಶಕ್ಕೆ ತೆಗೆದುಕೊಂಡಿತು. ಆ ಆಜ್ಞೆಗೆ ರುಜು ಹಾಕಿದವರು ಗಿರಿಯವರೇ. ಅವರು ಮರುದಿನ ರಾಜೀನಾಮೆ ಕೊಟ್ಟರು. ಹೀಗೆ ಈ ಹಾಳೆಯ ಎರಡು ತಲೆಬರಹಗಳು ಒಂದೇ ಲೇಖನಿಯಿಂದ ಹುಟ್ಟಿದ ಅಕ್ಕತಂಗಿಯರು. ಹಾಳೆಯಲ್ಲಿ ಮಾತ್ರ ಒಬ್ಬರನ್ನೊಬ್ಬರು ಗುರುತಿಸದವರಂತೆ ದೂರ ದೂರ ಕುಳಿತಿದ್ದಾರೆ. ಸೋಮವಾರ ಬ್ಯಾಂಕುಗಳು ಎಂದಿನಂತೆ ತೆರೆಯುವುವೆಂದೂ, ಠೇವಣಿದಾರರು ಗಾಬರಿಪಡಬೇಕಾಗಿಲ್ಲವೆಂದೂ ಸುದ್ದಿ. ಕೆಳಗೆ ಸಣ್ಣ ಅಕ್ಷರಗಳಲ್ಲಿ ಹದಿನಾಲ್ಕರ ಪಟ್ಟಿ. ಗಾಬರಿಪಡಬೇಡಿರೆಂದು ಸರ್ಕಾರ ಹೇಳಿದ ಮೇಲೆ ಗಾಬರಿಪಡುವುದು ಪ್ರಜೆಗಳ ಪದ್ಧತಿ.

ಆ ಪಟ್ಟಿಯಲ್ಲಿ ಕನ್ನಡನಾಡಿನಲ್ಲಿ ಹುಟ್ಟಿದವು ಎರಡು: ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ನಿಧಿಯಿಂದ ಬೆಳೆದ ಕೆನರಾ ಬ್ಯಾಂಕು, ೧೯೨೫ರಲ್ಲಿ ಉಡುಪಿಯಲ್ಲಿ ಆರಂಭವಾಗಿ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಬಿಡದೆ ಕೂಡಿಸಿಕೊಳ್ಳುವ ಪಿಗ್ಮಿ ಠೇವಣಿಯಿಂದ ಹೆಸರಾದ ಸಿಂಡಿಕೇಟ್ ಬ್ಯಾಂಕು. ಎರಡಾಣೆಯನ್ನು ಎಣಿಸುತ್ತಿದ್ದ ಬ್ಯಾಂಕು ರಾಷ್ಟ್ರದ ಹದಿನಾಲ್ಕರಲ್ಲಿ ಒಂದಾದುದು ಚಂದ್ರನ ಮೇಲೆ ಕಾಲಿಟ್ಟುದಕ್ಕೆ ಬಹಳವೇನೂ ಕಡಮೆಯಲ್ಲ. ೨೦೨೦ರ ಏಪ್ರಿಲ್ ೧ರಂದು ಎರಡನೆಯದು ಮೊದಲನೆಯದರಲ್ಲಿ ಲೀನವಾಯಿತು. ಹದಿನಾಲ್ಕು ಹೆಸರುಗಳಲ್ಲಿ ನಾಲ್ಕು ಇಂದು ಉಳಿದಿಲ್ಲ.

ಈ ತಲೆಬರಹದ ಹಣೆಬರಹ ವಿಚಿತ್ರವಾದದ್ದು. ೧೯೭೦ರ ಫೆಬ್ರವರಿ ೧೦ರಂದು ಸರ್ವೋಚ್ಚ ನ್ಯಾಯಾಲಯ ಈ ಕಾನೂನನ್ನು ರದ್ದುಮಾಡಿತು. ನಾಲ್ಕೇ ದಿನಗಳಲ್ಲಿ ಸರ್ಕಾರ ಮತ್ತೊಂದು ಸುಗ್ರೀವಾಜ್ಞೆ ಹೊರಡಿಸಿತು. ಪತ್ರಿಕೆಯವರು ಹಳೆಯ ಮೊಳೆಗಳನ್ನೇ ಮತ್ತೆ ಜೋಡಿಸಿದ್ದರೂ ಸಾಕಾಗಿತ್ತು. ೧೯೬೯ರಲ್ಲಿ ದೇಶದ ಬ್ಯಾಂಕುಗಳಿಗೆಲ್ಲ ಸೇರಿ ಎಂಟು ಸಾವಿರದಷ್ಟಿದ್ದ ಶಾಖೆಗಳು ೧೯೯೦ರ ವೇಳೆಗೆ ಐವತ್ತು ಸಾವಿರವನ್ನು ಮೀರಿದವು. ಹಳ್ಳಿಗೆ ಬ್ಯಾಂಕು ಬಂದಿತು. ಅದರೊಡನೆ ತೀರದ ಸಾಲವೂ, ಸಾಲ ಕೊಡಿಸುವ ದೊಡ್ಡ ಮನುಷ್ಯರೂ ಬಂದರು. ಲಾಭನಷ್ಟವನ್ನು ಅರ್ಥಶಾಸ್ತ್ರಜ್ಞರು ಇಂದಿಗೂ ಚರ್ಚಿಸುತ್ತಿದ್ದಾರೆ. ನಾನು ಹೇಳಬೇಕೆಂದಿರುವುದು ಅದಲ್ಲ.

ಆ ಸಣ್ಣ ಅಕ್ಷರದ ಪಟ್ಟಿಯಲ್ಲಿ ಒಂದು ಹೆಸರಿನ ಪಕ್ಕದಲ್ಲಿ ಸೀಸದಕಡ್ಡಿಯಿಂದ ಹಾಕಿದ ಗುರುತೊಂದಿದೆ. ಚಂದ್ರನ ಪಕ್ಕದಲ್ಲಿ ಗುರುತಿಲ್ಲ, ಲೂನಾದ ಪಕ್ಕದಲ್ಲಿಲ್ಲ, ಗಿರಿಯವರ ಪಕ್ಕದಲ್ಲಿಲ್ಲ. ಒಂದು ಬ್ಯಾಂಕಿನ ಹೆಸರಿನ ಪಕ್ಕದಲ್ಲಿ ಮಾತ್ರ, ಎರಡು ಬಾರಿ ಒತ್ತಿ ಎಳೆದ ಗೆರೆ. ದೊಡ್ಡಮ್ಮನವರನ್ನು ಕೇಳಿದೆ. "ನಿಮ್ಮ ಸೋದರತ್ತೆಯ ಮದುವೆಗೆಂದು ಕೂಡಿಟ್ಟ ಹಣ ಅದರಲ್ಲಿತ್ತು, ಮಗು" ಎಂದರು. ಸರ್ಕಾರದವರು ಹಣವನ್ನೆಲ್ಲ ತೆಗೆದುಕೊಂಡರಂತೆ ಎಂದು ಊರಿನಲ್ಲಿ ಯಾರೋ ಭಾನುವಾರ ಹೇಳಿಬಿಟ್ಟಿದ್ದರು. ರಾತ್ರಿಯೆಲ್ಲ ಮನೆಯಲ್ಲಿ ನಿದ್ರೆಯಿಲ್ಲ. ಸೋಮವಾರ ಪತ್ರಿಕೆ ಬಂದೊಡನೆ ದೊಡ್ಡಪ್ಪನವರು ಪಟ್ಟಿಯನ್ನು ಹುಡುಕಿ, ಗುರುತು ಹಾಕಿ, ಹಾಳೆಯನ್ನೂ ಪಾಸ್‌ಪುಸ್ತಕವನ್ನೂ ಅಂಗಿಯ ಜೇಬಿನಲ್ಲಿಟ್ಟುಕೊಂಡು ಪೇಟೆಗೆ ಹೋದರು. ಬ್ಯಾಂಕಿನ ಬಾಗಿಲು ತೆರೆದಿದ್ದಿತು. ಗುಮಾಸ್ತರು ಪುಸ್ತಕವನ್ನು ನೋಡಿ, ಹಣ ಇದ್ದಲ್ಲಿಯೇ ಇದೆ, ಬೇಕಾದರೆ ಈಗಲೇ ತೆಗೆದುಕೊಳ್ಳಿ ಎಂದರಂತೆ. ಬೇಡವೆಂದು ಹೇಳಿ ಹಿಂದಿರುಗಿದರು. ಮುಂದಿನ ವೈಶಾಖದಲ್ಲಿ ಮದುವೆ ನಡೆಯಿತು. ಹಾಳೆ ಪಾಸ್‌ಪುಸ್ತಕದೊಡನೆ ಪೆಟ್ಟಿಗೆಯ ತಳ ಸೇರಿತು. "ಚಂದ್ರನ ಸುದ್ದಿಗೆಂದು ಇಟ್ಟದ್ದಲ್ಲವೆ?" ಎಂದೆ. "ಚಂದ್ರ ಎಲ್ಲಿಗೆ ಹೋಗುತ್ತಾನೆ!" ಎಂದರು.

ಈ ಉತ್ತರ ನನ್ನ ವಿಮರ್ಶೆಯ ಅರ್ಧ ಕೆಲಸವನ್ನು ಮಾಡಿ ಮುಗಿಸಿತು. ತಲೆಬರಹವನ್ನು ಬರೆಯುವವರು ಇಬ್ಬರು: ಒಬ್ಬ ಪತ್ರಿಕೆಯ ಕಚೇರಿಯಲ್ಲಿ ಕುಳಿತವನು, ಇನ್ನೊಬ್ಬ ಮನೆಯಲ್ಲಿ ಸೀಸದಕಡ್ಡಿ ಹಿಡಿದವನು. ಮೊದಲನೆಯವನು ಲೋಕಕ್ಕೆ ಯಾವುದು ದೊಡ್ಡದೆಂದು ನಿರ್ಣಯಿಸುತ್ತಾನೆ. ಎರಡನೆಯವನು ತನ್ನ ಮನೆಗೆ ಯಾವುದು ದೊಡ್ಡದೆಂದು. ಇಬ್ಬರ ಲೆಕ್ಕವೂ ಸರಿಯೇ, ಇಬ್ಬರದೂ ಅಪೂರ್ಣವೇ. ಕಾಲವೆಂಬ ಮೂರನೆಯವನೊಬ್ಬನುಂಟು, ಅವನು ಅಕ್ಷರದ ಗಾತ್ರವನ್ನು ನೋಡುವುದೇ ಇಲ್ಲ.

ಕಾಲನ ಆ ನಿರ್ಲಕ್ಷ್ಯಕ್ಕೆ ಇನ್ನೊಂದು ನಿದರ್ಶನ ಚಂದ್ರನ ವಿಷಯದಲ್ಲಿಯೇ ದೊರೆಯುತ್ತದೆ. ೧೯೬೯ರ ಜುಲೈ ೨೧ರ ಯಾವ ಪತ್ರಿಕೆಯಲ್ಲಿಯೂ ಇಸ್ರೋ ಎಂಬ ಹೆಸರು ಇರುವುದು ಸಾಧ್ಯವಿಲ್ಲ. ಆ ಸಂಸ್ಥೆ ಹುಟ್ಟಿದ್ದು ಅದೇ ವರ್ಷದ ಆಗಸ್ಟ್ ೧೫ರಂದು. ಚಂದ್ರನೆಂದರೆ ಅಮೆರಿಕ, ಅಥವಾ ರಷ್ಯಾ; ನಮ್ಮ ಪಾಲಿಗೆ ಪಕ್ಕದ ಮನೆಯ ರೇಡಿಯೋ. ಬೆಂಗಳೂರಿಗೆ ದೂರದರ್ಶನ ಬಂದದ್ದೇ ೧೯೮೧ರಲ್ಲಿ. ಅಂತಹ ನಮ್ಮಲ್ಲಿ, ಯಶವಂತಪುರದಾಚೆಯ ಪೀಣ್ಯದ ಕೇಂದ್ರದಲ್ಲಿ ಕುಳಿತವರು ಚಂದ್ರನ ನೌಕೆಗಳನ್ನು ನಡೆಸತೊಡಗಿದರು. ೨೦೧೯ರ ಸೆಪ್ಟೆಂಬರ್ ೭ರಂದು ಚಂದ್ರಯಾನ-೨ರ ವಿಕ್ರಮ್ ಇಳಿಯಬೇಕಾಗಿದ್ದುದು ಬೆಳಗಿನ ಜಾವ ಎರಡು ಗಂಟೆಗೆ ಕೆಲವೇ ನಿಮಿಷ ಮುಂಚೆ. ಐವತ್ತು ವರ್ಷಗಳ ಬಳಿಕ ಹೆಚ್ಚುಕಡಮೆ ಅದೇ ವೇಳೆ! ಮುದ್ರಣಾಲಯಗಳಲ್ಲಿ ಹಳೆಯ ಸಂಕಟವೇ ಮರುಕಳಿಸಿರಬೇಕು: ಇಳಿಯಿತೆನ್ನುವುದೋ, ಇಳಿಯಲಿದೆಯೆನ್ನುವುದೋ? ನೆಲಕ್ಕೆ ಇನ್ನೇನು ಸ್ವಲ್ಪವೇ ದೂರವಿರುವಾಗ ಸಂಪರ್ಕ ತಪ್ಪಿತು. ಆ ದಿನ ಭವಿಷ್ಯತ್ಕಾಲವನ್ನು ಆರಿಸಿಕೊಂಡ ಸಂಪಾದಕನೇ ಜಾಣ. ನಾಲ್ಕು ವರ್ಷಗಳ ಬಳಿಕ, ೨೦೨೩ರ ಆಗಸ್ಟ್ ೨೩ರ ಸಂಜೆ ಆರು ಗಂಟೆ ದಾಟಿದ ಕೂಡಲೆ ಚಂದ್ರಯಾನ-೩ ಕ್ಷೇಮವಾಗಿ ಇಳಿಯಿತು. ಪತ್ರಿಕೆಗಳಿಗೆ ಬೇಕಾದಷ್ಟು ಸಮಯ. ಆದರೆ ಅಷ್ಟರೊಳಗೆ ಆ ಸುದ್ದಿ ಎಲ್ಲರ ಅಂಗೈಯ ಫೋನಿನಲ್ಲಿ ಅಚ್ಚಿಲ್ಲದೆಯೇ ಬೆಳಗಿದ್ದಿತು. ನಮ್ಮ ಮನೆಯಲ್ಲಿ ಮಕ್ಕಳು ಕುಣಿದರು. ದೊಡ್ಡಮ್ಮನವರು, "ಈ ಸಲ ಒಳಗೆ ಯಾರೂ ಇಲ್ಲ ತಾನೆ?" ಎಂದು ಕೇಳಿ ಖಚಿತಮಾಡಿಕೊಂಡ ಮೇಲೆ ಸಮಾಧಾನಪಟ್ಟರು.

ಹಳೆಯ ಹಾಳೆಯ ತಪ್ಪುಗಳನ್ನು ನೋಡಿ ನಕ್ಕದ್ದಾಯಿತು. ನ್ಯಾಯಕ್ಕಾಗಿ ಅದರ ಗುಣಗಳನ್ನೂ ಹೇಳಬೇಕು. ನಾಲ್ಕು ತಲೆಬರಹಗಳಲ್ಲಿ ಮೂರು, ಸುದ್ದಿಯನ್ನು ತಲೆಬರಹದಲ್ಲಿಯೇ ಹೇಳಿಬಿಡುತ್ತವೆ. ಏನಾಯಿತು, ಯಾರು ಮಾಡಿದರು ಎಂಬುದನ್ನು ಬಚ್ಚಿಡುವುದಿಲ್ಲ. ಈಗ ಫೋನಿನಲ್ಲಿ ಬರುವ ತಲೆಬರಹಗಳಲ್ಲಿ ಎಷ್ಟೋ, ಸುದ್ದಿಯನ್ನು ಹೇಳುವುದಕ್ಕಲ್ಲದೆ ಮುಚ್ಚಿಡುವುದಕ್ಕೆ ಬರೆದವು. ತೆರೆದು ನೋಡಿದರೆ ಮಾತ್ರ ತಿಳಿಯುವುದು, ತೆರೆದು ನೋಡಿದ ಮೇಲೆ ತಿಳಿಯಬೇಕಾದುದೇನೂ ಇಲ್ಲವೆಂದು. ಹಳೆಯ ಹಾಳೆ ಹಾಗಲ್ಲ. ಒಂದು ಹಳ್ಳಿಯ ಮನೆಯಲ್ಲಿ ರಾತ್ರಿಯೆಲ್ಲ ಎಚ್ಚರವಾಗಿದ್ದವರಿಗೆ, ನಿಮ್ಮ ಬ್ಯಾಂಕು ಈ ಪಟ್ಟಿಯಲ್ಲಿದೆ, ಬಾಗಿಲು ತೆರೆಯುತ್ತದೆ ಎಂದು ಸಣ್ಣ ಅಕ್ಷರಗಳಲ್ಲಿಯಾದರೂ ಸತ್ಯವನ್ನು ಹೇಳಿತು. ಭವಿಷ್ಯವನ್ನು ಅದು ಅರಿಯದಿದ್ದರೆ ಏನಂತೆ? ಭವಿಷ್ಯವನ್ನು ಹೇಳುವುದಕ್ಕೆ ಒಳಪುಟದಲ್ಲಿ ಬೇರೆಯವರಿದ್ದಾರೆ. ಅಂದಿನ ವರ್ತಮಾನವನ್ನು ಅಂದಿಗೆ ತಿಳಿದಷ್ಟು ನಿಜವಾಗಿ ಹೇಳುವುದು ಪತ್ರಿಕೆಯ ಧರ್ಮ. ಆ ಧರ್ಮ ನಡೆದಲ್ಲಿ, ಕ್ರಿಯಾಪದ ಸ್ವಲ್ಪ ತಪ್ಪಿದರೂ ವಿಮರ್ಶಕನು ಕ್ಷಮಿಸಬೇಕು.

ಒಂದು ಲೋಪವನ್ನು ಮಾತ್ರ ಹೇಳದೆ ಬಿಡಲಾರೆ. ಈ ಹಾಳೆಯಲ್ಲಿ ಚಂದ್ರ, ಗಿರಿಯವರು, ಬ್ಯಾಂಕು, ಮೂರು ಸುದ್ದಿಗಳೂ ಅರ್ಧಕ್ಕೆ ನಿಂತು, ಕೆಳಗೆ "೬ನೆಯ ಪುಟ ನೋಡಿ" ಎಂದು ಕೈತೋರಿಸಿವೆ. ಪೆಟ್ಟಿಗೆಯನ್ನೆಲ್ಲ ತಡಕಿದರೂ ಆರನೆಯ ಪುಟ ಸಿಕ್ಕಲಿಲ್ಲ. ಯೋಚಿಸಿದರೆ, ಅದರಲ್ಲಿದ್ದ ವಾಕ್ಯಗಳು ಯಾವುವಾದರೂ ಆಗಲಿ, ಮುಂದುವರಿದ ಸುದ್ದಿಯೆಲ್ಲ ನಾವು ಕಂಡದ್ದೇ: ಒಡೆದ ಪಕ್ಷ, ಹಬ್ಬಿದ ಬ್ಯಾಂಕು, ಪೀಣ್ಯದಿಂದ ಮುಟ್ಟಿದ ಚಂದ್ರ, ನಡೆದ ಮದುವೆ. ಇಂದಿನ ಬೆಳಗಿನ ತಲೆಬರಹಗಳಿಗೂ ಎಲ್ಲಿಯೋ ಒಂದು ಆರನೆಯ ಪುಟವಿದ್ದೇ ಇದೆ. ಅದನ್ನು ಓದಲಿರುವವರು ಈಗ ಸೊಂಟದ ಮೇಲೆ ಕುಳಿತು ಚಂದಮಾಮನನ್ನು ನೋಡುತ್ತ ಅನ್ನ ತಿನ್ನುತ್ತಿರುವ ಮಕ್ಕಳು. ಅವರು ನಮ್ಮನ್ನು ನೋಡಿ ನಗುವುದು ನಿಶ್ಚಯ, ನಗಲಿ. ನಾವು ಹೇಳಿದುದು ಅಂದಿಗೆ ನಿಜವಾಗಿದ್ದಿತೆಂದು ಅವರು ಒಪ್ಪಿದರೆ ಸಾಕು.

ವಾಚಕರಲ್ಲಿ ನನ್ನ ವಿನಂತಿಯೊಂದಿದೆ. ವರ್ಷಕ್ಕೊಂದಾದರೂ ದಿನದ ಪತ್ರಿಕೆಯನ್ನು, ಸಾಧ್ಯವಾದರೆ ಆರನೆಯ ಪುಟವೂ ಸೇರಿದಂತೆ, ಪೆಟ್ಟಿಗೆಯ ತಳದಲ್ಲಿ ಹಾಸಿಡಿರಿ. ದೊಡ್ಡ ದಿನವನ್ನೇ ಆರಿಸಬೇಕೆಂಬ ನಿಯಮವೇನೂ ಇಲ್ಲ. ಯಾವುದು ದೊಡ್ಡದೆಂಬುದು ಆಗ ತಿಳಿಯುವುದೂ ಇಲ್ಲ. ಮನೆಗೆ ಸಂಬಂಧಪಟ್ಟ ಸಾಲಿಗೆ ಸೀಸದಕಡ್ಡಿಯಿಂದ ಒಂದು ಗುರುತು ಹಾಕಿಡಿರಿ. ನಮ್ಮ ಮನೆಯ ಹಾಳೆಯನ್ನು ಹೊಸ ಬೇವಿನ ಎಲೆಗಳೊಡನೆ ಪೆಟ್ಟಿಗೆಯಲ್ಲಿ ಮೊದಲಿದ್ದಲ್ಲಿಯೇ ಇಟ್ಟಿದ್ದೇನೆ. ದೊಡ್ಡಮ್ಮನವರು ಪಾಸ್‌ಪುಸ್ತಕವನ್ನೂ ಅದರ ಮೇಲೆಯೇ ಇಡಿಸಿದರು.